ಎಂಜಿನ್ನು ಮಾಡಿದವರು ಯಾರು?

ಇವತ್ತು ಶಾಸ್ತ್ರದ ಮಾತು ಸ್ವಲ್ಪ ಹೆಚ್ಚಾಯಿತು ಅಂತ ನನಗೇ ಅನ್ನಿಸುತ್ತಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಯಜಮಾನರು ಕಂಬಕ್ಕೆ ಒರಗಿಕೊಂಡು ನನ್ನ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಾರೆ. ಒಪ್ಪಿಗೆಯಿಂದಲೋ, ನಿದ್ದೆಯಿಂದಲೋ ದೇವರಿಗೇ ಗೊತ್ತು. ಅಹಂಕಾರ ಎಂದರೇನು ಎಂಬ ವಿಚಾರವನ್ನು ಅಲ್ಲಿಗೇ ಬಿಡೋಣ. ಒಂದು ದೃಷ್ಟಾಂತ ಹೇಳುತ್ತೇನೆ, ಎಲ್ಲರೂ ಸ್ವಲ್ಪ ಮುಂದೆ ಸರಿದು ಕುಳಿತುಕೊಳ್ಳಿ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲೊಬ್ಬ ಸಾಹುಕಾರ ಇದ್ದ. ಊರು ಯಾವುದು, ಅವನ ಹೆಸರೇನು ಎಂದು ಕೇಳಬೇಡಿ. ಹೇಳಿದರೆ ನೀವೆಲ್ಲ ಅವನ ಸಂಬಂಧಿಕರನ್ನು ಹುಡುಕಲು ಶುರುಮಾಡುತ್ತೀರಿ, ನನ್ನ ಕಥೆ ಕೇಳುವುದಿಲ್ಲ. ಎಣ್ಣೆ ಗಿರಣಿ ಇತ್ತು, ಲಾರಿಗಳಿದ್ದವು, ಊರ ಹೊರಗೆ ಒಂದು ತೋಟದ ಬಂಗಲೆ ಇತ್ತು. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಪ್ರವಚನಕಾರರು ಶ್ರೀಮಂತ ಅಂದ ಕೂಡಲೇ ಅವನ ಮೀಸೆ ತಿರುವಿ, ಕೈಗೊಂದು ಬಾರುಕೋಲು ಕೊಟ್ಟುಬಿಡುತ್ತೇವೆ. ಇವನು ಹಾಗಿರಲಿಲ್ಲ. ಕೆಲಸದವರಿಗೆ ಪಗಾರ ಸರಿಯಾಗಿ ಕೊಡುತ್ತಿದ್ದ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದ. ಬಂದವರನ್ನು ಉಣ್ಣದೆ ಹೋಗಲು ಬಿಡುತ್ತಿರಲಿಲ್ಲ.

ಈ ಸಾಹುಕಾರ ಒಮ್ಮೆ ಹೆಂಡತಿ ಮಕ್ಕಳ ಜೊತೆ ಊಟಿಗೆ ಹೋದ. ಅಲ್ಲಿ ಬೆಟ್ಟ ಹತ್ತುವ ಉಗಿ ರೈಲು ನೋಡಿದ. ನಾವು ನೀವು ನೋಡಿದರೆ ಏನು ಮಾಡುತ್ತೇವೆ? ಕಿಟಕಿ ಪಕ್ಕ ಜಾಗ ಹಿಡಿದು ಕಡಲೆಕಾಯಿ ತಿನ್ನುತ್ತೇವೆ. ಇವನಿಗೆ ಮಾತ್ರ ಅಂಥದೊಂದು ತನ್ನ ತೋಟದಲ್ಲಿ ಓಡಬೇಕು ಅನ್ನಿಸಿತು. ದೊಡ್ಡದಲ್ಲ. ಪುಟ್ಟದು. ಆದರೆ ಆಟಿಕೆಯಲ್ಲ. ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಉಗಿ. ಹಳಿಯ ಅಗಲ ಒಂದು ಗೇಣು, ಎಂಜಿನ್ನು ಒಬ್ಬ ಮನುಷ್ಯ ಅಡ್ಡ ಮಲಗಿದಷ್ಟು ಉದ್ದ. ಅದರ ಹಿಂದೆ ಒಂದು ತಗ್ಗಿನ ಗಾಡಿ. ದೊಡ್ಡವರೂ ಅದರ ಮೇಲೆ ಕುಳಿತು, ಕಾಲು ಎರಡು ಬದಿಗೆ ಇಳಿಬಿಟ್ಟು, ಓಡಿಸಬೇಕು. ಇದು ಅವನ ಆಸೆ.

ಆಸೆ ಇದೆ, ಹಣ ಇದೆ. ಮಾಡುವವರು ಯಾರು? ಹುಡುಕಿದಾಗ ದಾವಲಸಾಬ ಎಂಬುವವರು ಸಿಕ್ಕರು. ಮೂವತ್ತು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಕಬ್ಬಿಣವನ್ನು ಕೈಯಲ್ಲಿ ಹಿಡಿದರೆ ಅದರ ಗುಣ ಹೇಳಬಲ್ಲವರು. ಎಣ್ಣೆ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇಥ್ ಮಷೀನು ಹಾಕಿಸಿಕೊಂಡು ಕೆಲಸ ಶುರುಮಾಡಿದರು.

ಎಷ್ಟು ದಿನ ಹಿಡಿಯಿತು ಅಂತೀರಿ? ಒಂಬತ್ತು ವರ್ಷ. ನೋಡಿ, ಒಂಬತ್ತು ವರ್ಷ. ಗಾಲಿಗೆ ಮೊದಲು ಕಟ್ಟಿಗೆಯ ಅಚ್ಚು, ಆಮೇಲೆ ಎರಕ. ತಾಮ್ರದ ಹಾಳೆ ಕಾಯಿಸಿ ಬಡಿದು ಬಾಯ್ಲರ್. ತೋರುಬೆರಳಿನಷ್ಟು ದಪ್ಪದ ಕೊಳವೆಗಳು, ಗುಂಡುಸೂಜಿ ಹಿಡಿಸುವಂಥ ತೂತುಗಳು. ಎಲ್ಲವನ್ನೂ ಒಬ್ಬರೇ, ಕೈಯಲ್ಲಿ.

ಸಾಹುಕಾರ ಏನು ಮಾಡುತ್ತಿದ್ದ? ಸಂಜೆ ಬರುತ್ತಿದ್ದ. ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ. "ಎಲ್ಲಿ ತನಾ ಬಂತೋ ಸಾಬಾ?" ಎಂದು ಕೇಳುತ್ತಿದ್ದ. "ನಡದೈತ್ರಿ" ಎಂದು ಅವರು ಹೇಳುತ್ತಿದ್ದರು. ಅಷ್ಟೇ. ಒಂದು ದಿನ ಮಾತ್ರ ಸಾಹುಕಾರ ಅಂಗಿಯ ತೋಳು ಮಡಚಿ, ಪಾನಾ ಇಸಿದುಕೊಂಡು, ಒಂದು ನಟ್ಟು ಬಿಗಿ ಮಾಡಿದ. ಒಂದೇ ಒಂದು.

ಅಲ್ಲಿಂದ ಏನಾಯಿತು ಕೇಳಿ. ಮರುದಿನ ಗೆಳೆಯರ ಹತ್ತಿರ "ನಾವು ಒಂದು ಎಂಜಿನ್ ಮಾಡಾಕ ಹತ್ತೀವಿ" ಅಂದ. ನಾವು. ಇರಲಿ, ತಪ್ಪೇನೂ ಇಲ್ಲ. ಎರಡು ವರ್ಷ ಹೋಯಿತು. "ನಾನು, ನಮ್ಮ ಸಾಬ ಕೂಡಿ ಮಾಡಾಕ ಹತ್ತೀವಿ" ಅಂದ. ನಾನು ಮುಂದೆ ಬಂತು, ಸಾಬ ಹಿಂದೆ ಹೋದರು. ಎಂಜಿನ್ನು ಮುಗಿದು ಹಳಿಯ ಮೇಲೆ ನಿಂತ ದಿನ ಊರಿನವರೆಲ್ಲ ನೋಡಲು ಬಂದರು. ಪೇಪರಿನವರು ಬಂದರು. "ಯಾರು ಮಾಡಿದ್ದು ಸರ್?" ಎಂದು ಕೇಳಿದರು. ಸಾಹುಕಾರ ಎಂಜಿನ್ನಿನ ಮೇಲೆ ಕೈಯಿಟ್ಟು, "ನಾನಽ ಮಾಡಿದ್ದು" ಅಂದ.

ಬೇಕಂತಲೇ ಹೇಳಿದನೆ? ನನಗೆ ಹಾಗನ್ನಿಸುವುದಿಲ್ಲ. ಒಂಬತ್ತು ವರ್ಷ ಹೇಳುತ್ತ ಹೇಳುತ್ತ ಅವನೇ ನಂಬಿಬಿಟ್ಟಿದ್ದ. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಸಾಹುಕಾರ ಎಂಜಿನ್ನಿನ ಮೇಲೆ ಕುಳಿತಿದ್ದಾನೆ. ಹಿಂದೆ ಅರ್ಧ ಭುಜ, ಒಂದು ಎಣ್ಣೆ ಡಬ್ಬಿ ಕಾಣುತ್ತದೆ. ಆ ಅರ್ಧ ಭುಜ ದಾವಲಸಾಬರದ್ದು. ಎಂಜಿನ್ನಿನ ಪಕ್ಕಕ್ಕೆ ಒಂದು ಹಿತ್ತಾಳೆ ತಗಡು ಕೂಡಿಸಿದರು, ಅದರ ಮೇಲೆ ಸಾಹುಕಾರನ ಹೆಸರು ಕೆತ್ತಿಸಿದರು. ಆ ತಗಡಿಗೆ ಸ್ಕ್ರೂ ಹಾಕಿದವರೂ ದಾವಲಸಾಬರೇ.

ಕೆಲವು ವರ್ಷ ಎಂಜಿನ್ನು ತೋಟದಲ್ಲಿ ಓಡಿತು. ಅತಿಥಿಗಳು ಬಂದಾಗ ದಾವಲಸಾಬರು ಬೆಂಕಿ ಹಾಕಿ, ಉಗಿ ಏರಿಸಿ ಕೊಡುತ್ತಿದ್ದರು. ಸಾಹುಕಾರ ಕುಳಿತು, ಅವರು ತೋರಿಸಿದ ಹಿಡಿಕೆಯೊಂದನ್ನು ಎಳೆದು, ಒಂದು ಸುತ್ತು ಹೊಡೆದು ಸಿಳ್ಳೆ ಊದುತ್ತಿದ್ದ. ಆಮೇಲೆ ಆ ತೋಟದಲ್ಲಿ ಕಲ್ಯಾಣ ಮಂಟಪ ಕಟ್ಟುವುದೆಂದು ತೀರ್ಮಾನವಾಯಿತು. ಹಳಿ ಕೀಳಬೇಕು. ಎಂಜಿನ್ನು ಎಲ್ಲಿಡುವುದು? ಪೇಪರಿಗೆ ಜಾಹೀರಾತು ಕೊಟ್ಟ. 'ಮಾರಾಟಕ್ಕಿದೆ. ಮಾಲೀಕರು ಸ್ವಂತ ಕೈಯಿಂದ ತಯಾರಿಸಿದ, ಮೇಲೆ ಕುಳಿತು ಓಡಿಸಬಹುದಾದ ಪುಟ್ಟ ಉಗಿ ರೈಲು ಎಂಜಿನ್.' ಸ್ವಂತ ಕೈಯಿಂದ. ನೋಡಿ, ಈಗ ಅಚ್ಚಿನಲ್ಲೂ ಬಂತು.

ಬಂದವರಲ್ಲಿ ಕೆಲವರು ತಾಮ್ರದ ತೂಕ ಕೇಳಿದರು. ಒಬ್ಬ ಹೋಟೆಲಿನವ ಅದನ್ನು ಬಾಗಿಲ ಮುಂದೆ ನಿಲ್ಲಿಸಿ ಹೊಗೆಯ ಬದಲು ಊದುಬತ್ತಿ ಹಚ್ಚುತ್ತೇನೆ ಅಂದ. ದಾವಲಸಾಬರು ಎದ್ದು ಹೊರಗೆ ಹೋದರು. ಸಾಹುಕಾರನಿಗೂ ಅದು ಸರಿ ಕಾಣಲಿಲ್ಲ, ಬೇಡ ಅಂದ.

ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಬಂದರು. ಹಲ್ಲಿನ ಡಾಕ್ಟರು. ಹೆಸರು ವಾರಿಜಾಕ್ಷಿ. ಐವತ್ತು ದಾಟಿದ ವಯಸ್ಸು, ಹತ್ತಿ ಸೀರೆ, ಕೈಯಲ್ಲೊಂದು ಚೀಲ. ಬಂದವರೇ ನೆಲದ ಮೇಲೆ ಕುಳಿತರು, ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದರು, ಎಂಜಿನ್ನಿನ ಬೆಂಕಿಗೂಡಿನ ಬಾಗಿಲು ತೆರೆದು ಒಳಗೆ ನೋಡತೊಡಗಿದರು. ಬಾಯಿ ತೆರೆದ ರೋಗಿಯನ್ನು ನೋಡುವ ಹಾಗೆ.

"ನಮ್ಮ ತಂದೆ ರೈಲಿನಲ್ಲಿ ಫೈರ್‌ಮನ್ ಆಗಿದ್ರು ಸಾರ್," ಅಂದರು. "ಮೂವತ್ತಾರು ವರ್ಷ ಕಲ್ಲಿದ್ದಲು ಎತ್ತಿ ಹಾಕಿದ್ರು. ನನ್ನ ಮಾತ್ರ ಎಂಜಿನ್ ಹತ್ತಿರಕ್ಕೂ ಬಿಡ್ತಿರ್ಲಿಲ್ಲ. ಹೆಣ್ಣುಮಗು, ಸುಟ್ಕೋತೀಯ ಅನ್ನೋರು. ಒಂದ್ಸಲ ಆದ್ರೂ ನಾನೇ ಬೆಂಕಿ ಹಾಕಿ, ನಾನೇ ಓಡಿಸ್ಬೇಕು ಅಂತ ಆಸೆ."

ಆಮೇಲೆ ಪ್ರಶ್ನೆಗಳು ಶುರುವಾದವು. "ಈ ಬಾಯ್ಲರಿನ ಬೆಸುಗೆ ಎಷ್ಟು ಸಲದಲ್ಲಿ ಹಾಕಿದ್ರಿ ಸಾರ್?"

ಸಾಹುಕಾರ ಬಾಯ್ಲರಿನ ಮೇಲೆ ಕೈಯಾಡಿಸಿದ. "ಅದಾ... ಎಷ್ಟು ಬೇಕೋ ಅಷ್ಟು ಸಲ."

"ಸಿಲಿಂಡರ್ ಎರಕ ಮೊದಲನೇ ಸಲಕ್ಕೇ ಸರಿ ಬಂತಾ?"

"ದೇವರ ದಯೆ."

ದಾವಲಸಾಬರು ಹಿಂದೆ ಹತ್ತಿ ಚಿಂದಿ ಹಿಡಿದು ನಿಂತಿದ್ದರು. ಕೆಳಗೆ ನೋಡುತ್ತಿದ್ದರು. ಡಾಕ್ಟರಮ್ಮನಿಗೆ ಏನೂ ಅನುಮಾನ ಬರಲಿಲ್ಲ. ಮಾಡಿದವರು ಹೇಳಿಕೊಳ್ಳುವುದಿಲ್ಲ, ದೊಡ್ಡ ಗುಣ ಎಂದು ತಿಳಿದರು. ಎದ್ದು ಸೀರೆ ಕೊಡವಿಕೊಂಡು ಹೇಳಿದರು. "ನನಗೆ ಒಪ್ಪಿಗೆ. ನಿಮ್ಮ ಬೆಲೆಯೂ ಒಪ್ಪಿಗೆ. ಒಂದೇ ಮಾತು. ಮುಂದಿನ ಭಾನುವಾರ ಬರ್ತೀನಿ. ನೀವೇ ನನ್ನೆದುರಿಗೆ ಬೆಂಕಿ ಹಾಕಿ, ಉಗಿ ಏರ್ಸಿ, ಪ್ರತಿಯೊಂದನ್ನೂ ಯಾಕೆ ಮಾಡ್ತೀರಿ ಅಂತ ಹೇಳಿಕೊಡ್ಬೇಕು. ಈ ಕೆಲಸದವರ ಕೈಲಿ ಬೇಡ ಸಾರ್. ಮಾಡಿದವರಿಂದಲೇ ಕಲೀಬೇಕು ಅನ್ನೋದು ನನ್ನ ಹಠ."

ಈ ಕೆಲಸದವರ ಕೈಲಿ ಬೇಡ. ಪಾಪ, ಆಕೆಗೆ ಗೊತ್ತಿಲ್ಲ. ಆದರೆ ಗೊತ್ತಿದ್ದ ಇಬ್ಬರು ಅಲ್ಲಿದ್ದರಲ್ಲ? ಒಬ್ಬರೂ ತುಟಿ ಬಿಚ್ಚಲಿಲ್ಲ.

ಡಾಕ್ಟರಮ್ಮನ ಕಾರು ಹೋದ ಮೇಲೆ ಸಾಹುಕಾರ ಹೇಳಿದ. "ಸಾಬಾ, ಒಂದು ವಾರದಾಗ ನನಗಿದನ್ನ ಕಲಿಸಬೇಕು ನೋಡಪಾ ನೀನು."

ದಾವಲಸಾಬರು ಚಿಂದಿ ಕೆಳಗಿಟ್ಟು ಹೇಳಿದರು. "ಕಲಿಸ್ತೀನ್ರಿ. ಆದ್ರ ಶೆಡ್ಡಿನಾಗ ನಾ ಹೇಳಿದ್ದು ಕೇಳಬೇಕಾಗ್ತದ."

ಸೋಮವಾರ ಪಾಠ ಶುರು. ಸಾಹುಕಾರ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಬಂದ. "ಇದರಾಗ ಆಗೂದಿಲ್ರಿ" ಅಂದರು ಗುರುಗಳು. ಒಳಗೆ ಹೋಗಿ ಮಗನ ಹಳೇ ಪ್ಯಾಂಟು ಹಾಕಿಕೊಂಡು ಬಂದ. ಗುಂಡಿ ಕೂಡಲಿಲ್ಲ, ಸುತಳಿ ಕಟ್ಟಿಕೊಂಡ.

"ಮೊದಲ ನೀರ ನೋಡ್ರಿ. ಬೆಂಕಿ ಆಮ್ಯಾಲ. ಈ ಗಾಜಿನ ಕೊಳವಿಯೊಳಗ ನೀರ ಕಾಣಬೇಕು. ಕಾಣಲಿಲ್ಲ ಅಂದ್ರ ಬೆಂಕಿ ಹಾಕಬಾರದು, ಬಾಯ್ಲರ್ ಸುಟ್ಟು ಹೋಗ್ತದ."

"ಎಷ್ಟು ಕಾಣಬೇಕು?"

"ಅರ್ಧಕ್ಕಿಂತ ಮ್ಯಾಲ. ನೋಡಿದ್ರೇನು?"

"ನೋಡಿದೆ."

"ನೋಡಿಲ್ರಿ. ಅದು ನೀರಲ್ಲ, ಗಾಜಿನ ಮ್ಯಾಲಿನ ಕಲಿ. ಒರಸ್ರಿ, ಮತ್ತ ನೋಡ್ರಿ."

ಮೊದಲ ದಿನ ಬೆಂಕಿ ನಾಲ್ಕು ಸಲ ಆರಿತು. ಇದ್ದಿಲು ಮೇಲೆ ಸುರಿದ, ಗಾಳಿ ಆಡಲಿಲ್ಲ. ಹೊಗೆ ಮುಖಕ್ಕೆ ಬಂತು. ಎರಡನೇ ದಿನ ಬೆಂಕಿ ನಿಂತಿತು, ಎಣ್ಣೆ ಹಾಕುವುದು ಮರೆತ. ಮೂರನೇ ದಿನ ಬೆರಳು ಸುಟ್ಟುಕೊಂಡ, ಗಿರಣಿಯವರೆಲ್ಲ ಓಡಿ ಬಂದರು. ದಾವಲಸಾಬರು ಓಡಿ ಬರಲಿಲ್ಲ. "ತಣ್ಣೀರಾಗ ಕೈ ಇಡ್ರಿ. ನಾನೂ ಸುಟ್ಟುಕೊಂಡೇ ಕಲ್ತೀನಿ" ಅಂದರು ಅಷ್ಟೇ.

ಅರವತ್ತು ವರ್ಷದ ಸಾಹುಕಾರ, ಊರಿನ ಹತ್ತು ಕಮಿಟಿಗಳ ಅಧ್ಯಕ್ಷ, ಗೇಣಗಲದ ಗಾಡಿಯ ಮೇಲೆ ಮೊಣಕಾಲು ಕಿವಿಗೆ ತಾಗಿಸಿಕೊಂಡು ಕುಳಿತು, ಮೂಗಿನ ತುದಿಗೆ ಮಸಿ, "ಈಗ ಯಾವ ಹಿಡಿಕಿ ಎಳೀಲಿ?" ಎಂದು ಕೇಳುತ್ತಿದ್ದಾನೆ. ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಾಳೆ. ಆದರೆ ನೋಡಿ, ಒಂದು ವಿಚಿತ್ರ ನಡೆಯುತ್ತಿತ್ತು. ಅವನಿಗೆ ಖುಷಿಯಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ ತಾನಾಗಿ ಎದ್ದು ಬರುತ್ತಿದ್ದ. ಎಷ್ಟು ವರ್ಷವಾಗಿತ್ತು, ಯಾರೂ ಅವನಿಗೆ 'ತಪ್ಪು, ಮತ್ತೊಮ್ಮೆ ಮಾಡಿ' ಎಂದು ಹೇಳಿ?

ಗುರುವಾರ ಉಗಿ ಏರಲು ಕಾಯುತ್ತ ಇಬ್ಬರೂ ಕುಳಿತಿದ್ದರು. ಉಗಿ ಏರಲು ಅರ್ಧ ತಾಸು ಬೇಕು, ಅವಸರ ಮಾಡಿದರೆ ಆಗುವುದಿಲ್ಲ. ಮಾತಾಡದೆ ಬೇರೆ ದಾರಿಯಿಲ್ಲ. ಸಾಹುಕಾರನಿಗೆ ಅವರ ಮೊಣಕೈಯ ಮೇಲೆ ಒಂದು ಉದ್ದನೆಯ ಸುಟ್ಟ ಗುರುತು ಕಂಡಿತು.

"ಇದೇನೋ ಸಾಬಾ?"

"ಬಾಯ್ಲರ್ ಬೆಸುಗಿ ಹಾಕುವಾಗಿನದ್ರಿ. ಆರನೇ ವರ್ಷ."

"ನನಗ ಹೇಳಲೇ ಇಲ್ಲಲ್ಲ."

"ನೀವು ಕೇಳಲಿಲ್ರಿ."

ಸಾಹುಕಾರ ಬೆಂಕಿಗೂಡಿನ ಬಾಗಿಲು ತೆರೆದು ಒಳಗೆ ನೋಡಿದ. ಮಾತಿಗೆ ಮಾತು ಅಂತ ಕೇಳಿದ. "ಸಿಲಿಂಡರ್ ಎಷ್ಟನೇ ಸಲಕ್ಕ ಸರಿ ಬಂತು?"

"ಎಂಟನೇ ಸಲಕ್ಕ. ಏಳು ಸಲ ಕರಗಿಸಿ ಮತ್ತ ಹೊಯ್ದೆ. ಐದನೇ ಸಲಕ್ಕ ಬಿಟ್ಟುಬಿಡೂಣು ಅನ್ನಿಸಿತ್ತು."

"ಯಾಕ ಬಿಡಲಿಲ್ಲ?"

ದಾವಲಸಾಬರು ಎಂಜಿನ್ನಿನ ಕಡೆ ನೋಡಿದರು. "ಗಾಲಿ ಮುಗದಿದ್ದುವಲ್ರಿ. ಗಾಲಿ ನೋಡಿದ್ರ ಬಿಡಾಕ ಮನಸ್ಸು ಬರಲಿಲ್ಲ."

ಸಾಹುಕಾರ ಕೇಳಿದ. "ಇಷ್ಟು ಮಾಡೀಯಲ್ಲ, ನಿಮ್ಮ ಮನಿಯವರನ್ನ, ಬೀಗರನ್ನ ಒಂದ ದಿನಾನೂ ತೋರಸಾಕ ಕರಕೊಂಡ ಬರಲಿಲ್ಲಲ್ಲೋ?"

ಆಗ ದಾವಲಸಾಬರು ಹೇಳಿದರು. ಬೇಸರದಿಂದ ಹೇಳಲಿಲ್ಲ, ಹವೆಯ ಸುದ್ದಿ ಹೇಳುವ ಹಾಗೆ ಹೇಳಿದರು. "ನನ್ನ ಮಗಳು ಹಸೀನಾನ್ನ ನವಲಗುಂದಕ್ಕ ಕೊಟ್ಟೀನ್ರಿ. ಮದಿವಿ ಆದ ಹೊಸತಿಗೆ ಬೀಗರ ಮನ್ಯಾಗ ಊಟಕ್ಕ ಕುಂತಾಗ, ಎಂಜಿನ್ ನಾ ಮಾಡೀನಿ ಅಂತ ಹೇಳಿದ್ದೆ. ಸಂತೋಷಕ್ಕ ಹೇಳಿದ್ದೆ. ಮುಂದ ಪೇಪರಿನ್ಯಾಗ ನಿಮ್ಮ ಫೋಟೋ ಬಂತು. ಬೀಗರು ಅದನ್ನ ಕತ್ತರಿಸಿ ಗ್ವಾಡಿಗೆ ಹಚ್ಚಿದ್ರು. ಮನಿಗೆ ಬಂದವರಿಗೆ ತೋರಿಸಿ, ನಮ್ಮ ಸೊಸಿ ಅಪ್ಪ ಹಿಂಗ ಬಡಾಯಿ ಹೊಡೀತಾನ ನೋಡ್ರಿ ಅಂತ ನಗ್ತಾರ. ನನಗೇನಿಲ್ರಿ. ಆ ಹುಡಿಗಿ ಮಾತ್ರ ಆ ಗ್ವಾಡಿ ಎದುರಿಗೆ ದಿನಾ ರೊಟ್ಟಿ ಬಡೀತಾಳ."

ಇಷ್ಟು ಹೇಳಿ ಎದ್ದರು. "ಉಗಿ ಏರೇತ್ರಿ. ಬರ್ರಿ."

ಆ ದಿನ ಸಾಹುಕಾರ ಎರಡು ಸುತ್ತು ಓಡಿಸಿದ. ಸಿಳ್ಳೆ ಊದಲಿಲ್ಲ. ಮನೆಗೆ ಹೋದ, ತಾಟಿನ ಮುಂದೆ ಕುಳಿತ, ಎದುರಿಗೆ ರೊಟ್ಟಿ ಬಂತು. ಉಣ್ಣಲಾಗಲಿಲ್ಲ. ಹೆಂಡತಿ ಕೇಳಿದಳು, ಹೊಟ್ಟೆ ಸರಿಯಿಲ್ಲ ಅಂದ.

ಭಾನುವಾರ ಬಂತು. ಡಾಕ್ಟರಮ್ಮ ಹೇಳಿದ ಸಮಯಕ್ಕೆ ಬಂದರು. ಸಾಹುಕಾರನ ಗೆಳೆಯರು ಏಳೆಂಟು ಜನ ಹಿಂದಿನ ವಾರವೇ ಆಮಂತ್ರಣ ಸಿಕ್ಕಿದ್ದರಿಂದ ಬಂದು ಕುರ್ಚಿಗಳಲ್ಲಿ ಕುಳಿತಿದ್ದರು. ಸಾಹುಕಾರ ಒಬ್ಬನೇ ಎಂಜಿನ್ನಿನ ಹತ್ತಿರ ಹೋದ. ಗಾಜು ಒರೆಸಿ ನೀರು ನೋಡಿದ. ಎಲ್ಲ ಕೀಲುಗಳಿಗೂ ಎಣ್ಣೆ ಕುಡಿಸಿದ. ಇದ್ದಿಲು ತೆಳ್ಳಗೆ ಹರಡಿದ, ಹಚ್ಚಿದ, ಕಾದ. ಮೇಲೆ ಕಲ್ಲಿದ್ದಲು, ಸಣ್ಣ ಸಣ್ಣ ಹಿಡಿ. ಪ್ರತಿಯೊಂದನ್ನೂ ಯಾಕೆ ಎಂದು ಹೇಳಿದ. ಡಾಕ್ಟರಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದು ತಪ್ಪೂ ಆಗಲಿಲ್ಲ. ಎಂಜಿನ್ನು ಅವರಿಬ್ಬರನ್ನೂ ಕೂಡಿಸಿಕೊಂಡು ಚಿಕ್ಕ ಚಿಕ್ಕ ಉಸಿರು ಬಿಡುತ್ತ ತೋಟ ಸುತ್ತಿತು. ಗೆಳೆಯರು ಚಪ್ಪಾಳೆ ತಟ್ಟಿದರು.

ಡಾಕ್ಟರಮ್ಮನ ಕಣ್ಣು ತುಂಬಿತ್ತು. "ನನಗೆ ಇನ್ಯಾವ ಸಾಕ್ಷಿಯೂ ಬೇಡ ಸಾರ್. ತಾನೇ ಮಾಡಿದವನ ಕೈಗೆ ಮಾತ್ರ ಇಷ್ಟು ಹಗುರವಾಗಿ ಬರುತ್ತೆ."

ಈಗ ಸ್ವಲ್ಪ ನಿಲ್ಲಿ. ಅವನು ಗೆದ್ದಿದ್ದ. ಪರೀಕ್ಷೆ ಪಾಸಾಗಿತ್ತು. ಇನ್ನು ಮೇಲೆ ಯಾರೂ ಅವನನ್ನು ಕೇಳುವವರಿಲ್ಲ. ಎಂಜಿನ್ನು ಮೈಸೂರಿಗೆ ಹೋಗುತ್ತದೆ, ಹೆಸರಿನ ತಗಡೂ ಅದರ ಜೊತೆ ಹೋಗುತ್ತದೆ. ಸುಳ್ಳಿಗೆ ಪಕ್ಕಾ ರಸೀದಿ ಸಿಕ್ಕಂತಾಯಿತು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಸಾಹುಕಾರ ಗಾಡಿಯಿಂದ ಏಳಲು ಹೋದ, ಮೊಣಕಾಲು ಹಿಡಿದುಕೊಂಡಿತ್ತು, ದಾವಲಸಾಬರು ಕೈ ಕೊಟ್ಟು ಎಬ್ಬಿಸಿದರು. ಆ ಕೈ ಬಿಡದೆ ನಿಂತು ಹೇಳಿದ. "ತಾಯಿ, ನಾ ಒಂದು ಸುಳ್ಳು ಹೇಳೀನಿ. ಇದನ್ನ ನಾ ಮಾಡಿಲ್ಲ. ನಾ ಮಾಡಿಸೀನಿ. ಮಾಡಿದವರು ಇವರು. ದಾವಲಸಾಬರು. ನಾ ಇವತ್ತು ನಿಮಗ ಹೇಳಿಕೊಟ್ಟದ್ದನ್ನೂ ಸೋಮವಾರದಿಂದ ಇವರ ಕಡೆನ ಕಲ್ತದ್ದು."

ಕುರ್ಚಿಯಲ್ಲಿದ್ದ ಒಬ್ಬ ಗೆಳೆಯ ನಗಲು ಹೋಗಿ ನಿಲ್ಲಿಸಿದ. ದಾವಲಸಾಬರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರು ಏನು ಹೇಳಿದರು ಗೊತ್ತೆ? "ಸಾಹುಕಾರ್ರೂ ಮಾಡ್ಯಾರ್ರಿ. ಈ ಕಡೆ ಒಂದು ನಟ್ಟ ಅವರದಽ ಐತಿ" ಎಂದು ತೋರಿಸಿದರು. ಅವರು ಚೇಷ್ಟೆಗೆ ಹೇಳಿದ್ದಲ್ಲ, ನ್ಯಾಯಕ್ಕೆ ಹೇಳಿದ್ದು. ಆದರೆ ಮೊದಲು ನಕ್ಕವನು ಸಾಹುಕಾರನೇ. ಆಮೇಲೆ ತೋಟವೆಲ್ಲ ನಕ್ಕಿತು.

ಡಾಕ್ಟರಮ್ಮ ನಗಲಿಲ್ಲ. ದಾವಲಸಾಬರ ಎದುರು ಹೋಗಿ ಕೈ ಮುಗಿದರು. "ಹೋದ ವಾರ ನಿಮ್ಮೆದುರಿಗೇ 'ಕೆಲಸದವರ ಕೈಲಿ ಬೇಡ' ಅಂದ್ಬಿಟ್ಟೆ. ತಪ್ಪಾಯ್ತು ಸಾರ್" ಅಂದರು. ಆಮೇಲೆ ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು, ನೆಲದ ಮೇಲೆ ಕುಳಿತು, ಮೊದಲ ಪ್ರಶ್ನೆಯಿಂದ ಮತ್ತೆ ಕೇಳಿದರು. ಬೆಸುಗೆ ಎಷ್ಟು ಸಲ? ಎರಕ ಎಷ್ಟು ಸಲ? ಮಾತೇ ಆಡದ ಆ ಮನುಷ್ಯ ಎರಡು ತಾಸು ಮಾತಾಡಿದರು. ಗೆಳೆಯರು ಕುರ್ಚಿ ಎತ್ತಿಕೊಂಡು ಹತ್ತಿರ ಬಂದರು. ಊಟ ತಣ್ಣಗಾಯಿತು, ಯಾರೂ ಏಳಲಿಲ್ಲ.

ಎಂಜಿನ್ನು ಮಾರಾಟವಾಯಿತು. ಹಿತ್ತಾಳೆ ತಗಡನ್ನು ಸಾಹುಕಾರ ತಾನೇ ಬಿಚ್ಚಿದ. "ದಾವಲಸಾಬರ, ಇದರ ಮ್ಯಾಲ ನಿಮ್ಮ ಹೆಸರು ಹಾಕಸ್ತೀನಿ" ಅಂದ. ಗಮನಿಸಿದಿರಾ, ಸಾಬಾ ಹೋಗಿ ಸಾಬರು ಬಂತು, ನೀನು ಹೋಗಿ ನೀವು ಬಂತು.

ದಾವಲಸಾಬರು ತಲೆಯಾಡಿಸಿದರು. "ಹಾಕಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಮೈಸೂರಿಗೆ ಹೋಗ್ತದ. ನವಲಗುಂದದವರಿಗೆ ಹೆಂಗ ಕಾಣಬೇಕ್ರಿ? ನೀವು ಒಂದ ಸಲ ನಮ್ಮ ಬೀಗರ ಮನಿಗೆ ಬಂದು ಒಂದ ಮಾತು ಹೇಳ್ರಿ. ಅಷ್ಟು ಸಾಕು."

ಸುಲಭ ಅಂತ ತಿಳಿದಿರಾ? ಗೆಳೆಯರ ಮುಂದೆ ಹೇಳುವುದು ಒಂದು. ಕಂಡರಿಯದ ಊರಿಗೆ ಹೋಗಿ, ಕಂಡರಿಯದವರ ಪಡಸಾಲೆಯಲ್ಲಿ ಕುಳಿತು, ನಾನು ಸುಳ್ಳುಗಾರ ಎಂದು ಹೇಳುವುದು ಇನ್ನೊಂದು. ಆದರೆ ಅವನು ಹೋದ. ಮರುದಿನವೇ ದಾವಲಸಾಬರನ್ನು ಕರೆದುಕೊಂಡು ಹೋದ. ಕಾರು ಓಣಿಯೊಳಗೆ ಹಿಡಿಸಲಿಲ್ಲ, ನಡೆದು ಹೋದ. ಬೀಗರು ಗಾಬರಿಯಿಂದ ಜಮಖಾನೆ ಹಾಸಿದರು. ಗೋಡೆಯ ಮೇಲೆ ಪೇಪರಿನ ತುಣುಕು ಹಳದಿಯಾಗಿ ಇತ್ತು. ಸಾಹುಕಾರ ಅದರ ಕೆಳಗೇ ಕುಳಿತ.

"ನಿಮ್ಮ ಬೀಗರು ಆ ಎಂಜಿನ್ ತಾವಽ ಮಾಡೀವಿ ಅಂತ ಹೇಳಿದ್ರಂತ. ಅದು ಖರೆ. ಒಂಬತ್ತು ವರ್ಷ, ಅವರೊಬ್ಬರಽ ಮಾಡ್ಯಾರ."

ಬೀಗರು ಗೋಡೆ ನೋಡಿದರು, ಸಾಹುಕಾರನನ್ನು ನೋಡಿದರು. "ಹಂಗಾದ್ರ ಪೇಪರಿನವರು ಸುಳ್ಳ ಬರದ್ರೇನ್ರಿ?"

"ಪೇಪರಿನವರು ನಾ ಹೇಳಿದ್ದು ಬರದ್ರು. ಸುಳ್ಳ ಹೇಳಿದಾಂವ ನಾನು."

ಒಳಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿಯುವ ಸದ್ದಾಯಿತು. ಹಸೀನಾ ಚಹಾಕ್ಕೆ ಹಾಲಿಟ್ಟಿದ್ದಳು. ಬಾಗಿಲ ಹಿಂದೆ ನಿಂತು ಕೇಳುತ್ತ ಒಲೆಯನ್ನು ಮರೆತುಬಿಟ್ಟಿದ್ದಳು. ಅತ್ತೆ ತಾನೇ ಹೋಗಿ ಒಲೆ ಒರೆಸಿ, ಮತ್ತೆ ಹಾಲಿಟ್ಟು, ಸೊಸೆಗೆ "ನೀ ಹೊರಗ ಹೋಗವಾ, ಅಪ್ಪನ ಹಂತೇಲಿ ಕುಂದ್ರು" ಅಂದಳು. ಬೀಗರು ಎದ್ದು ಗೋಡೆಯ ತುಣುಕನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದರು. ಹರಿದು ಬಂತು. ಅದರ ಕೆಳಗೆ ಸುಣ್ಣ ಬೇರೆಯದೇ ಬಣ್ಣದ್ದಿತ್ತು.

ಇಷ್ಟು ಕಥೆ.

ಈಗ ನಿಮ್ಮ ಕಡೆ ಬರುತ್ತೇನೆ. ಬರದೆ ಬಿಡುತ್ತೇನೆಯೇ?

ಆ ಸಾಹುಕಾರನ ಸುಳ್ಳು ಎಷ್ಟು ದೊಡ್ಡದು? ಅಳತೆ ಮಾಡಿ. ಮಾಡಿಸಿದೆ ಎನ್ನಬೇಕಾದ ಕಡೆ ಮಾಡಿದೆ ಅಂದ. ಒಂದು ಅಕ್ಷರ. ನಮ್ಮ ಕನ್ನಡದಲ್ಲಿ 'ಸಿ' ಎಂಬ ಒಂದು ಅಕ್ಷರ ನುಂಗಿದರೆ ಸಾಕು, ಒಬ್ಬ ಮನುಷ್ಯ ಇಡಿಯಾಗಿ ಮಾಯವಾಗುತ್ತಾನೆ. ಒಂಬತ್ತು ವರ್ಷದ ದುಡಿಮೆ ಮಾಯವಾಗುತ್ತದೆ. ನೀವು ಎಷ್ಟು ಸಲ ನುಂಗಿದ್ದೀರಿ? "ಈ ಮನೆ ನಾನು ಕಟ್ಟಿದೆ" ಎನ್ನುತ್ತೀರಿ. ಯಾವ ಇಟ್ಟಿಗೆ ಎತ್ತಿದಿರಿ ಯಜಮಾನರೇ? ಕಟ್ಟಿಸಿದಿರಿ. ಕಟ್ಟಿದವರ ಹೆಸರು ಗೊತ್ತೆ? ಗೃಹಪ್ರವೇಶಕ್ಕೆ ಕರೆದಿರಾ? "ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದೆ" ಎನ್ನುತ್ತೀರಿ. ಪರೀಕ್ಷೆಯ ದಿನ ಬೆಳಿಗ್ಗೆ ಎಬ್ಬಿಸಿದವಳು ಯಾರು? ಆಫೀಸಿನಲ್ಲಿ ಕೆಳಗಿನವರು ಬರೆದ ಕಾಗದಕ್ಕೆ ಸಹಿ ಹಾಕಿ ಮೇಲಿನವರ ಮುಂದೆ "ನಾನು ಬರೆದೆ" ಎನ್ನುತ್ತೀರಿ. ಅತಿಥಿಗಳು ಸಾರು ಚೆನ್ನಾಗಿದೆ ಎಂದಾಗ "ನಮ್ಮ ಮನೆಯ ಸಾರೇ ಹಾಗೆ" ಎನ್ನುತ್ತೀರಿ. ಮನೆಗೆ ಕೈ ಇದೆಯೇ? ಮನೆ ಸಾರು ಮಾಡುತ್ತದೆಯೇ?

ಪಗಾರ ಕೊಟ್ಟಿದ್ದೇನಲ್ಲ ಎಂದು ಯಾರೋ ಮನಸ್ಸಿನಲ್ಲೇ ಅನ್ನುತ್ತಿದ್ದೀರಿ, ನನಗೆ ಕೇಳುತ್ತಿದೆ. ಸಾಹುಕಾರನೂ ಕೊಟ್ಟಿದ್ದ, ತಪ್ಪದೆ ಕೊಟ್ಟಿದ್ದ. ಆದರೂ ನವಲಗುಂದದಲ್ಲಿ ಒಬ್ಬ ಹೆಣ್ಣುಮಗಳು ತಲೆ ತಗ್ಗಿಸಿ ರೊಟ್ಟಿ ಬಡಿದಳು. ಪಗಾರ ಕೊಟ್ಟರೆ ದುಡಿಮೆ ನಿಮ್ಮದಾಗುತ್ತದೆ, ಮಾಡಿದೆ ಎಂಬ ಮಾತು ನಿಮ್ಮದಾಗುವುದಿಲ್ಲ. ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಉಪವಾಸ ಬೇಡ, ಜಪ ಬೇಡ. ಯಾರಾದರೂ ನಿಮ್ಮನ್ನು ಹೊಗಳಿದರೆ, ಬಾಯಿ ತೆರೆಯುವ ಮುಂಚೆ ಒಂದು ಉಸಿರು ತಡೆಯಿರಿ. ಇದನ್ನು ಮಾಡಿದವರು ಯಾರು ಎಂದು ನೆನೆಯಿರಿ. ಅವರ ಹೆಸರನ್ನು ಜೋರಾಗಿ, ಅವರಿಗೆ ಕೇಳುವ ಹಾಗೆ ಹೇಳಿ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಗದ್ದೆಯಲ್ಲಿ, ನಿಮ್ಮ ಊಟದ ಮುಂದೆ. ಹಿಂದೆ ಯಾರ ಹೆಸರನ್ನಾದರೂ ನುಂಗಿದ್ದು ನೆನಪಿಗೆ ಬಂದರೆ, ಫೋನಿನಲ್ಲಿ ಮುಗಿಸಬೇಡಿ. ಓಣಿಯೊಳಗೆ ನಡೆದು ಹೋಗಿ, ನಗಾಡಿದವರ ಎದುರಿಗೇ ಹೇಳಿ. ಹೊಟ್ಟೆಯಲ್ಲಿ ಸ್ವಲ್ಪ ಸಂಕಟ ಆಗುತ್ತದೆ. ಆಮೇಲೆ ಎಂಥ ಹಸಿವು ಆಗುತ್ತದೆ ನೋಡಿ.

ಹಸಿವಿನ ಮಾತು ಬಂತು, ಪ್ರಸಾದದ ಹೊತ್ತೂ ಆಯಿತು. ಹದಿನೈದು ದಿನದಿಂದ ಇಲ್ಲಿ ಎಲ್ಲರೂ ಉಣ್ಣುತ್ತಿದ್ದೇವೆ. ದಾಸೋಹ ಮಾಡಿಸುತ್ತಿರುವವರ ಹೆಸರು ಬ್ಯಾನರಿನ ಮೇಲೆ ದೊಡ್ಡದಾಗಿ ಇದೆ, ಇರಲಿ, ಒಳ್ಳೆಯವರು. ಮಾಡುತ್ತಿರುವವರ ಹೆಸರು ಎಲ್ಲಿದೆ? ನಾನೂ ಹದಿನಾಲ್ಕು ದಿನ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ನಾಚಿಕೆಯಾಗಿ ಅಡುಗೆಮನೆಗೆ ಹೋಗಿ ಕೇಳಿದೆ. ರೊಟ್ಟಿ ಬಡಿಯುವವರು ಶಾವಂತ್ರೆವ್ವ, ಫಾತಿಮಾಬಿ. ಪಲ್ಯ ಮಾಡುವವರು ತಿಪ್ಪವ್ವ. ಇನ್ನೂ ಇಬ್ಬರು ಹೇಳಿದ್ದರು, ಇಲ್ಲಿಗೆ ಬರುವಷ್ಟರಲ್ಲಿ ಮರೆತೆ. ಅದು ನನ್ನ ತಪ್ಪು, ನಾನು ಮತ್ತೆ ಹೋಗಿ ಕೇಳುತ್ತೇನೆ. ನೀವು ತಾಟು ಹಿಡಿಯುವ ಮುಂಚೆ ಹೋಗಿ ಕೇಳಿ. ಬಾಗಿಲು ಚಿಕ್ಕದು, ಒಬ್ಬೊಬ್ಬರಾಗಿ, ತಲೆ ಬಗ್ಗಿಸಿ ಹೋಗಿ.